ಕೈ ಖಾಲಿ ಇಲ್ಲ

ಹನ್ನೊಂದಕ್ಕೆ ದತ್ತು ಆಫೀಸಿನಾಕೆ ಬರುವಷ್ಟರಲ್ಲಿ ಕೈಗೆ ಏನಾದರೊಂದು ಕೆಲಸ ಹಚ್ಚಿಕೊಂಡು ಕೂತಿರಬೇಕೆಂದು ಆಯಮ್ಮ ಎದ್ದಾಗಲೇ ನಿಶ್ಚಯಿಸಿದ್ದಳು. ಬರಿಗೈಯನ್ನು ನಂಬುವ ಹಾಗಿರಲಿಲ್ಲ. ಮಗು ಹತ್ತಿರ ಬಂದರೆ ಸಾಕು, ಅದು ತನ್ನ ಪಾಡಿಗೆ ತಾನು ಚಾಚಿಕೊಳ್ಳುತ್ತದೆ, ತಲೆ ಸವರುತ್ತದೆ, ಮೂಗು ಒರೆಸುತ್ತದೆ. ಬುದ್ಧಿ ಬೇಡವೆನ್ನುವಷ್ಟರಲ್ಲಿ ಕೈ ತನ್ನ ಕೆಲಸ ಮುಗಿಸಿರುತ್ತದೆ. ಮೂರು ತಿಂಗಳಿಂದ ಅವಳು ಹೀಗೇ ಕೈಗೆ ಲಂಚ ಕೊಟ್ಟುಕೊಂಡು ಬಂದಿದ್ದಳು. ಹಿಟ್ಟು ಮೆತ್ತಿದ ಕೈ, ಸೋಪಿನ ನೊರೆಯ ಕೈ, ಈರುಳ್ಳಿ ಹೆಚ್ಚುವ ಕೈ. ಮಗು ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ಎರಡನ್ನೂ ಎತ್ತಿ ತೋರಿಸಿ, ನೋಡು, ಕೈ ಖಾಲಿ ಇಲ್ಲ, ಅಮ್ಮನ್ನ ಕೇಳು ಎಂದು ಹಜಾರದ ಕಡೆ ಗದ್ದ ತಿರುಗಿಸುತ್ತಿದ್ದಳು. ಮಗುವಿಗೆ ಈ ಮನೆಯ ಭಾಷೆ ಇನ್ನೂ ಅರ್ಧಂಬರ್ಧ. ಆದರೆ ಗದ್ದದ ಭಾಷೆ ಯಾವ ದೇಶದಲ್ಲಾದರೂ ಒಂದೇ. ಅದು ಹೋಗುತ್ತಿತ್ತು. ಹೋಗಿ ಹಜಾರದಲ್ಲಿ, ಅಮ್ಮನಿಗೂ ಅಡುಗೆಮನೆಗೂ ಸರಿಯಾಗಿ ನಡುವೆ, ಯಾರನ್ನೂ ಏನನ್ನೂ ಕೇಳದೆ ನಿಂತುಕೊಳ್ಳುತ್ತಿತ್ತು.

ಆರು ತಿಂಗಳು ಎಂದಿದ್ದರು. ಬೇರೆ ದೇಶದಿಂದ ವಿಮಾನದಲ್ಲಿ ಬರುವ ನಾಲ್ಕೂವರೆ ವರ್ಷದ ಮಗುವಿಗೆ ಮೊದಲ ಆರು ತಿಂಗಳು ಅಪ್ಪ ಅಮ್ಮ ಇಬ್ಬರೇ ಊಟ ಕೊಡಬೇಕು, ಸ್ನಾನ ಮಾಡಿಸಬೇಕು, ಬಿದ್ದರೆ ಎತ್ತಬೇಕು. ಉಳಿದವರು ನಗಬಹುದು, ಕೈ ಬೀಸಬಹುದು, ಅಷ್ಟೇ. ದತ್ತು ಕೊಡಿಸುವ ಕಚೇರಿಯಲ್ಲಿ ಅಪ್ಪ ಅಮ್ಮ ಆಗಹೊರಟವರಿಗೆ ವಾರಗಟ್ಟಲೆ ಪಾಠ ನಡೆದರೆ ನೆಂಟರಿಗೆಂದು ಒಂದು ಮಧ್ಯಾಹ್ನವನ್ನು ಮೀಸಲಿಟ್ಟಿದ್ದರು. ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ಪೇಪರ್ ಕಪ್ಪಿನ ಟೀ ಹಿಡಿದು ಕೂತ ಅಜ್ಜ ಅಜ್ಜಿಯರ ಎದುರು, ಆಯಮ್ಮನ ಮಗಳಿಗಿಂತ ಚಿಕ್ಕವನೊಬ್ಬ ಟೈ ಸರಿಮಾಡಿಕೊಳ್ಳುತ್ತ ಹೇಳಿದ್ದ: "ಈ ಮಕ್ಕಳು ಯಾರ ಹತ್ರ ಬೇಕಾದ್ರೂ ಹೋಗ್ತವೆ. ನೋಡಿದೋರು, ಎಷ್ಟು ಬೇಗ ಹೊಂದ್ಕೊಂಡ್ತು ಅಂತ ಖುಷಿ ಪಡ್ತಾರೆ. ಅದು ಹೊಂದ್ಕೊಂಡಿರೋದಲ್ಲ. ತನ್ನೋರು ಯಾರು ಅಂತ ಅದಕ್ಕೆ ಗೊತ್ತಿಲ್ಲ, ಅಷ್ಟೇ. ಬಿದ್ರೂ ಅಳಲ್ಲ. ಯಾರಾದ್ರೂ ಬರ್ತಾರೆ ಅಂತ ನಂಬಿಕೆ ಇದ್ರೆ ತಾನೇ ಮಗು ಅಳೋದು." ಅತ್ತರೆ ತಾನೇ ಅಮ್ಮ ಹಾಲು ಕೊಡೋದು ಎಂಬ ಒಂದು ಗಾದೆಗೆ ಇಷ್ಟು ದೊಡ್ಡ ಟೈ ಏಕೆ ಎಂದು ಆಯಮ್ಮನಿಗೆ ನಗು ಬಂದಿತ್ತು. ಬಟ್ಟೆ ಮಿಲ್ಲಿನ ಶಿಶುವಿಹಾರದಲ್ಲಿ ತಲೆ ನರೆಯುವವರೆಗೆ ಆಯಾ ಆಗಿದ್ದವಳು ಅವಳು. ಪಾಳಿಗೆ ಹೋಗುವ ತಾಯಂದಿರು ಗೇಟಿನ ಪಕ್ಕದ ಆ ಉದ್ದ ಕೋಣೆಯಲ್ಲಿ ಬಿಟ್ಟುಹೋದ ಮಕ್ಕಳೆಲ್ಲ ಅವಳನ್ನು ಆಯಮ್ಮ ಎಂದೇ ಕರೆದು, ಆ ಮಕ್ಕಳ ಮಕ್ಕಳೂ ಕರೆದು, ಕೊನೆಗೆ ಬೀದಿಯೂ ಹಾಗೇ ಕರೆಯತೊಡಗಿ, ಅವಳ ಸ್ವಂತ ಹೆಸರು ಪಿಂಚಣಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಅಂಥವಳು ಮೊಮ್ಮಗುವನ್ನು ಎತ್ತಿಕೊಳ್ಳದೇ ಇರುವುದು ಹೇಗೆಂದು ಕಲಿಯಲು ಬಂದು ಕೂತಿದ್ದಾಳೆ. "ಅತ್ತೆ, ನಿಮಗೆ ಈ ಪಾಠ ಅಂದ್ರೆ ಮೀನಿಗೆ ಈಜಬೇಡ ಅಂತ ಹೇಳಿದ ಹಾಗೆ," ಎಂದು ವಾಪಸು ಬರುವಾಗ ಬಸ್ಸಿನಲ್ಲಿ ಅಳಿಯ ನಕ್ಕಿದ್ದ. ಮಗಳು ನಕ್ಕಿರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ, ತುಂಬ ಮೆಲ್ಲಗೆ, ಬಸ್ಸಿನ ಸದ್ದಿನಲ್ಲಿ ಅರ್ಧ ಮುಳುಗುವ ಹಾಗೆ ಅಂದಿದ್ದಳು: "ಊರಿನ ಮಕ್ಕಳನ್ನೆಲ್ಲ ಎತ್ತಿ ಆಡಿಸಿದ್ದೀಯಾ ಅಮ್ಮ. ಇದೊಂದನ್ನ ನನಗೆ ಬಿಟ್ಟುಬಿಡು."

ಬಿಟ್ಟಿದ್ದಳು. ಬಿಟ್ಟಿದ್ದೇನೆಂದು ಮಗಳು ನಂಬುವ ಹಾಗೆ ಇದ್ದಳು. ಈಗ ಅವಳ ಕೈಯಲ್ಲಿ ಬಟಾಣಿಯ ಸಿಪ್ಪೆ ಪಟಕ್ಕೆಂದು ಬಿಚ್ಚಿಕೊಂಡಿತು. ಒಳಗೆ ಕಾಳುಗಳು ಸಾಲಾಗಿ ಮಲಗಿದ್ದವು. ಹಜಾರದಿಂದ ಮೇಜಿನ ಕಾಲು ಎಳೆಯುವ ಸದ್ದು. ಮಗಳು ಬೆಳಗಿನಿಂದ ಮನೆಯನ್ನು ಉಜ್ಜುತ್ತಿದ್ದಾಳೆ, ತನ್ನ ಲ್ಯಾಬಿನಲ್ಲಿ ಕಟ್ಟಿದ ಹಲ್ಲನ್ನು ಉಜ್ಜುವ ಹಾಗೆ, ಅಂಚು, ಮೂಲೆ, ಸಂದು. ಕೃತಕ ಹಲ್ಲಿನ ಸೆಟ್ಟು ಮಾಡುವ ಕೆಲಸ ಅವಳದು. ಯಾರದೋ ಒಸಡಿನ ಅಚ್ಚು ಮೇಣದಲ್ಲಿ ಬಂದರೆ, ಆ ಬಾಯಿಯನ್ನೇ ನೋಡದೆ ಅದಕ್ಕೆ ಸರಿಹೋಗುವ ಹಲ್ಲು ಕೂರಿಸುತ್ತಾಳೆ. ಒಂದು ಕೂದಲೆಳೆಯಷ್ಟು ಎತ್ತರವಾದರೂ ಬಾಯಿ ಒಪ್ಪುವುದಿಲ್ಲವಂತೆ. ಊಟ ಮಾಡುವಾಗ ತೆಗೆದು ಪಕ್ಕಕ್ಕಿಡುತ್ತಾರಂತೆ. ಮಗು ಬಂದ ಎರಡನೆಯ ವಾರದಲ್ಲಿ, ಅದು ಊಟದ ತಟ್ಟೆಯ ಬ್ರೆಡ್ಡನ್ನು ದಿಂಬಿನ ಕೆಳಗೆ ಬಚ್ಚಿಟ್ಟಿದ್ದನ್ನು ನೋಡಿದ ದಿನ, ಮಗಳು ಸಿಂಕಿನ ಮುಂದೆ ನಿಂತು, "ನಾನು ಕೂರ್ತಾ ಇಲ್ಲ ಅಮ್ಮ ಆ ಬಾಯಿಗೆ," ಎಂದಿದ್ದಳು. ಆಯಮ್ಮ ಏನೋ ಹೇಳಬೇಕಿತ್ತು. ಹಾಲು ಉಕ್ಕುತ್ತಿತ್ತು, ಇಳಿಸಲು ಹೋದಳು.

ಇವತ್ತಿನ ಭೇಟಿ ಎರಡನೆಯದು. ಆಫೀಸಿನಾಕೆ ಬಂದು, ಮಗು ಹೇಗಿದೆ, ಯಾರ ಹತ್ತಿರ ಹೋಗುತ್ತದೆ, ನೋವಾದರೆ ಯಾರನ್ನು ಹುಡುಕುತ್ತದೆ ಎಂಬುದನ್ನೆಲ್ಲ ನೋಡಿ ಬರೆದು ಆ ದೇಶಕ್ಕೆ ಕಳಿಸುತ್ತಾಳೆ. ಮೂರೂ ಭೇಟಿ ಮುಗಿದು ಅಲ್ಲಿಯವರು ಒಪ್ಪಿದ ಮೇಲೆಯೇ ಮಗು ಇವರದೆಂದು ಕೋರ್ಟಿನ ಕೊನೆಯ ಆದೇಶ. ಹಾಗೆಲ್ಲ ವಾಪಸು ಕರೆಸಿಕೊಳ್ಳುವುದಿಲ್ಲ ಎಂದು ಅಳಿಯ ಹತ್ತು ಸಲ ಹೇಳಿದ್ದಾನೆ. ಹತ್ತು ಸಲ ಹೇಳಬೇಕಾಗಿ ಬಂತಲ್ಲ. ಬೆಳಿಗ್ಗೆ ಮಗಳು ಅಡುಗೆಮನೆಗೆ ಬಂದು, ಒರೆಸಿದ ಕಟ್ಟೆಯನ್ನೇ ಇನ್ನೊಮ್ಮೆ ಒರೆಸುತ್ತ, "ಅಮ್ಮ, ಅವರು ಬಂದಾಗ ನೀನು ಸ್ವಲ್ಪ ಹೊತ್ತು ರೂಮಲ್ಲೇ ಇರ್ತೀಯಾ?" ಎಂದಳು. "ಇರ್ತೀನಿ ಬಿಡು, ಮಂಡಿ ನೋವು ಬೇರೆ," ಎಂದಳು ಆಯಮ್ಮ, ನೋವಿಲ್ಲದ ಮಂಡಿಯನ್ನು ನೀವಿಕೊಂಡು. ನೆಂಟರು ಬಂದಾಗ ಮುರಿದ ಕುರ್ಚಿಯನ್ನು ಒಳಕೋಣೆಗೆ ಸಾಗಿಸುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಕುರ್ಚಿಗೆ ಬೇಜಾರಾಗುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಬಟಾಣಿಯ ಬುಟ್ಟಿ ಎತ್ತಿಕೊಂಡು ತನ್ನ ಕೋಣೆಗೆ ಬರುವಾಗ ಹಜಾರದ ಗೋಡೆಯ ಫೋಟೋ ಕಣ್ಣಿಗೆ ಬಿತ್ತು, ದಿನವೂ ಬೀಳುವ ಹಾಗೆ. ಮಗು ಬರುವ ಮೊದಲೇ ಅಲ್ಲಿಯ ಅನಾಥ ಮಕ್ಕಳ ಮನೆಯವರು ಕಳಿಸಿದ್ದ ಫೋಟೋ. ಅದರಲ್ಲಿ ಮಗುವನ್ನು ಎತ್ತಿಕೊಂಡ, ಏಪ್ರನ್ ಕಟ್ಟಿದ ಒಬ್ಬ ಮುದುಕಿಯೂ ಇದ್ದಳು; ಫ್ರೇಮಿಗೆ ಹಾಕುವಾಗ ಮಗಳು ಅವಳನ್ನು ಕತ್ತರಿಸಿ ತೆಗೆದಿದ್ದಳು. ತೀರ ಅಂಚಿನವರೆಗೆ, ಹಲ್ಲಿನ ಕೆಲಸದ ನಾಜೂಕಿನಲ್ಲಿ. ಆದರೆ ಮಗುವಿನ ಸೊಂಟ ಬಳಸಿದ ಕೈಯನ್ನು ಮಾತ್ರ ತೆಗೆಯಲು ಆಗಿರಲಿಲ್ಲ, ತೆಗೆದರೆ ಮಗುವೂ ತುಂಡಾಗುತ್ತಿತ್ತು. ಹಾಗಾಗಿ ಕೈ ಉಳಿದಿದೆ. ಎಡಗೈ. ನಾಲ್ಕು ಬೆರಳು ಮುಂದೆ, ಹೆಬ್ಬೆರಳು ಹಿಂದೆ. ಎಡ ಸೊಂಟದ ಮೇಲೆ ಒಂದು ಮಗು ಕೂರಿಸಿಕೊಂಡು ಇನ್ನೊಂದರ ಮೂಗು ಒರೆಸಲು ಬಲಗೈ ಬಿಡುವಾಗಿಟ್ಟುಕೊಳ್ಳುವವರ ಹಿಡಿತ. ತಾಯಂದಿರು ಹಾಗೆ ಹಿಡಿಯುವುದಿಲ್ಲ, ಎರಡೂ ಕೈ ಹಾಕುತ್ತಾರೆ. ಅದನ್ನು ನೋಡಿದ ಮೊದಲ ದಿನವೇ ಆಯಮ್ಮನಿಗೆ ಆ ಕೈಯ ಹಿಂದಿನ ಬೆನ್ನುನೋವಿನವರೆಗೂ ಗೊತ್ತಾಗಿತ್ತು.

ಗೊತ್ತಿದ್ದೂ ಸುಮ್ಮನಿರಬಹುದಿತ್ತು. ಎರಡು ವಾರದ ಹಿಂದಿನವರೆಗೆ ಸುಮ್ಮನೆಯೇ ಇದ್ದಳು. ಮಧ್ಯಾಹ್ನ ಊಟವಾದ ಮೇಲೆ ಮಗಳು ಸ್ನಾನಕ್ಕೆ ಹೋಗುತ್ತಾಳೆ. ಬೆಳಗಿಡೀ ಮಗುವಿನ ಹಿಂದೆ ನಗುನಗುತ್ತ ಸುತ್ತಿ ಸುಸ್ತಾದವಳಿಗೆ ಅದೊಂದೇ ಬಿಡುವು, ಅಲ್ಲಿ ನಲ್ಲಿ ಬಿಟ್ಟುಕೊಂಡು ಅವಳು ಅಳುವುದು ಆಯಮ್ಮನಿಗೆ ಕೇಳಿಸದೆ ಏನಿಲ್ಲ. ಅಂಥದೊಂದು ಮಧ್ಯಾಹ್ನ ಆಯಮ್ಮ ಮಂಚದ ತುದಿಯಲ್ಲಿ ಕೂತು ಬರಿಗೈಯಲ್ಲಿದ್ದಾಗ, ಹೌದು, ಬರಿಗೈಯಲ್ಲಿ, ಮಗು ಬಂತು. ಮಾತಿಲ್ಲ ಕತೆಯಿಲ್ಲ, ನೇರ ಬಂದು ಅವಳ ಹೊಟ್ಟೆಯ ಮೇಲಿನ ಏಪ್ರನ್ನಿನಲ್ಲಿ ಮುಖ ಹುದುಗಿಸಿ ಉಸಿರೆಳೆದುಕೊಂಡಿತು. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಏಪ್ರನ್ ಕಟ್ಟಿಕೊಳ್ಳದಿದ್ದರೆ ಅವಳಿಗೆ ಬಟ್ಟೆಯನ್ನೇ ಮರೆತ ಹಾಗಾಗುತ್ತದೆ. ಮಗು ಮತ್ತೊಮ್ಮೆ ಉಸಿರೆಳೆದುಕೊಂಡಿತು. ಅವಳ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಎತ್ತಿ ತನ್ನ ತಲೆಯ ಮೇಲಿಟ್ಟುಕೊಂಡಿತು, ಟೋಪಿ ಹಾಕಿಕೊಂಡಂತೆ. ಆಯಮ್ಮ ತೆಗೆಯಲಿಲ್ಲ. ಮರುದಿನವೂ ಬಂತು, ತೆಗೆಯಲಿಲ್ಲ. ಮೂರನೆಯ ದಿನ ಅವಳು ನಲ್ಲಿಯ ಸದ್ದಿಗೆ ಕಾಯುತ್ತಿದ್ದಳು, ಕಳ್ಳರು ಮನೆಯವರ ಗೊರಕೆಗೆ ಕಾಯುವ ಹಾಗೆ, ಮತ್ತು ಇಷ್ಟು ವಯಸ್ಸಾದ ಮೇಲೆ ತನ್ನ ಎದೆ ಹೀಗೆ ಹೊಡೆದುಕೊಳ್ಳುವುದು ಕಂಡು ಅವಳಿಗೆ ನಾಚಿಕೆಯಾಯಿತು. ಮಗಳದ್ದನ್ನು ಕದಿಯುತ್ತಿದ್ದೇನೆ. ಕದ್ದದ್ದು ಸಿಹಿಯಾಗಿದೆ. ಆದರೆ ಪ್ರತಿ ಸಲವೂ, ಆ ತಲೆ ಸವರಿಸಿಕೊಂಡದ್ದಾದ ಮೇಲೆ, ಮಗು ನಿಧಾನಕ್ಕೆ ಮುಖವೆತ್ತಿ ಅವಳ ಬಿಳಿ ಕೂದಲು ನೋಡುತ್ತಿತ್ತು, ಆಮೇಲೆ ಹಣೆ, ಆಮೇಲೆ ಕಣ್ಣು. ನೋಡನೋಡುತ್ತ ಅದರ ಮುಖದೊಳಗೆ ಏನೋ ಇಳಿದುಹೋಗುತ್ತಿತ್ತು, ತಪ್ಪು ಮನೆಯ ಬಾಗಿಲು ತಟ್ಟಿದವರ ಮುಖದಲ್ಲಿ ಇಳಿದುಹೋಗುವಂತೆ. ಆಗ ಅದು ಕೈಯನ್ನು ಜೋಪಾನವಾಗಿ ಅವಳ ತೊಡೆಯ ಮೇಲೆ ವಾಪಸಿಟ್ಟು ಹೊರಟುಹೋಗುತ್ತಿತ್ತು. ಮೂರನೆಯ ಸಲವೋ ನಾಲ್ಕನೆಯ ಸಲವೋ ಆಯಮ್ಮನಿಗೆ ಅರ್ಥವಾಯಿತು. ಅದು ಬರುತ್ತಿದ್ದುದು ತನ್ನ ಹತ್ತಿರಕ್ಕಲ್ಲ. ಗಂಜಿ ಹಾಕಿದ ಏಪ್ರನ್ನು, ಬಿಳಿ ತಲೆ, ತಲೆಯ ಮೇಲೊಂದು ಕೈ, ಇಷ್ಟನ್ನು ಜೋಡಿಸಿಕೊಂಡು ಅದು ಕತ್ತರಿಸಿಹೋದ ಇನ್ನೊಬ್ಬಳನ್ನು ದಿನವೂ ಕಟ್ಟಿ ನೋಡುತ್ತಿತ್ತು. ದಿನವೂ ಮುಖ ಮಾತ್ರ ಸರಿಹೊಂದುತ್ತಿರಲಿಲ್ಲ.

ಕಾಲಿಂಗ್ ಬೆಲ್ ಆಯಿತು. ಅಳಿಯನ ಸ್ವರ, ಚಪ್ಪಲಿಯ ಸದ್ದು, "ಇಲ್ಲೇ ಇರ್ಲಿ ಮೇಡಂ, ಪರವಾಗಿಲ್ಲ." ಅಳಿಯ ಲಿಫ್ಟ್ ರಿಪೇರಿಯವನು, ಯಾರ ಜೊತೆಯಾದರೂ ಎರಡು ಮಾತಲ್ಲಿ ಹೊಂದಿಕೊಳ್ಳುತ್ತಾನೆ, ಸಿಕ್ಕಿಹಾಕಿಕೊಂಡವರನ್ನು ಬಾಗಿಲು ತೆಗೆಯುವವರೆಗೆ ನಗಿಸುತ್ತಿರುವುದು ಅವನ ಕೆಲಸದ ಅರ್ಧ. ಇವತ್ತೂ ನಗಿಸುತ್ತಿದ್ದ. ಆಯಮ್ಮ ಬಟಾಣಿ ಸುಲಿಯುತ್ತ ಗೋಡೆಯಾಚೆಯ ನಗುವನ್ನು ಕೇಳಿಸಿಕೊಂಡಳು. ಊಟ ಹೇಗೆ, ನಿದ್ದೆ ಹೇಗೆ, ಎಂದು ಆಫೀಸಿನಾಕೆ ಕೇಳುತ್ತಿದ್ದಳು. ಮಗಳು ಪರೀಕ್ಷೆಯಲ್ಲಿ ಬಾಯಿಪಾಠ ಒಪ್ಪಿಸುವವಳ ಹಾಗೆ ಹೇಳುತ್ತಿದ್ದಳು. "ಮತ್ತೆ ಅಜ್ಜಿ? ಮನೇಲಿ ಅಜ್ಜಿ ಇದ್ದಾರಲ್ವಾ, ಅವರೂ ಬರ್ಲಿ." "ಅವರಿಗೆ ಸ್ವಲ್ಪ ಮಂಡಿ ನೋವು," ಎಂದ ಅಳಿಯ. "ಬಂದು ಕೂತ್ಕೊಂಡ್ರೆ ಸಾಕು." ಹೀಗೆ ಮುರಿದ ಕುರ್ಚಿಯನ್ನು ಮತ್ತೆ ಹಜಾರಕ್ಕೆ ತಂದರು. ಬುಟ್ಟಿಯನ್ನು ಮಾತ್ರ ಆಯಮ್ಮ ಬಿಟ್ಟುಬರಲಿಲ್ಲ. ಕಿಟಕಿಯ ಬಳಿ ಕೂತು, ತೊಡೆಯ ಮೇಲೆ ಬುಟ್ಟಿಯಿಟ್ಟು, ಎರಡೂ ಕೈಯನ್ನು ಮಣಿಕಟ್ಟಿನವರೆಗೆ ಸಿಪ್ಪೆಯೊಳಗೆ ಇಳಿಬಿಟ್ಟಳು. "ಚೆನ್ನಾಗಿದ್ದೀರಾ ಅಮ್ಮ?" ಎಂದು ಆಫೀಸಿನಾಕೆ ಕೇಳಿದಳು. ಒಳ್ಳೆಯ ಹೆಂಗಸು, ದಣಿದ ಕಣ್ಣು, ಒಂದು ಕಡೆ ಸವೆದ ಬ್ಯಾಗು. "ನಿಯಮ ಪಾಲಿಸೋದು ಅಜ್ಜಿಯರಿಗೇ ಕಷ್ಟ, ನನಗೆ ಗೊತ್ತು." "ಕಷ್ಟ ಏನಮ್ಮ," ಎಂದಳು ಆಯಮ್ಮ, "ಕೈಗೆ ಕೆಲಸ ಇದ್ರೆ ಆಯ್ತು." ಮಗಳು ಅವಳ ಕಡೆ ನೋಡಲಿಲ್ಲ. ಮಗು ಕೆಳಗೆ ಕೂತು ಮರದ ತುಂಡುಗಳನ್ನು ಸಾಲಾಗಿ ಜೋಡಿಸುತ್ತಿತ್ತು, ಒಂದರ ಮೇಲೊಂದು ಇಡದೆ, ಬರೀ ಸಾಲಾಗಿ, ಮಕ್ಕಳ ಮನೆಯ ಮಂಚಗಳ ಹಾಗೆ.

ಹೇಗಾಯಿತೆಂದು ಯಾರೂ ಸರಿಯಾಗಿ ನೋಡಲಿಲ್ಲ. ಉರುಳಿದ ಒಂದು ತುಂಡನ್ನು ತೆಗೆಯಲು ಮೇಜಿನ ಕೆಳಗೆ ಹೋದ ಮಗು ಏಳುವಾಗ ಅಂಚಿಗೆ ತಲೆ ಹೊಡೆದುಕೊಂಡಿತು. ಕಪ್ಪುಗಳು ಸಾಸರಿನ ಮೇಲೆ ಕುಣಿದವು. ಹುಬ್ಬಿನ ಮೇಲೆ ಸಣ್ಣಗೆ ಸೀಳಿ ಒಂದು ಎಳೆ ರಕ್ತ. ಮಗು ಎದ್ದು ನಿಂತಿತು. ಅಳಲಿಲ್ಲ. ಯಾರದೋ ಬೇರೆಯವರ ತಲೆಗೆ ಪೆಟ್ಟಾದ ಹಾಗೆ ಸುತ್ತಲೂ ನೋಡಿತು. ಮಗಳು ಆಗಲೇ ಮಂಡಿಯೂರಿ ಎರಡೂ ತೋಳು ಅಗಲಿಸಿದ್ದಳು, "ಬಾ ಕಂದ, ಬಾ, ಅಮ್ಮನ ಹತ್ರ ಬಾ," ಸ್ವರ ನಡುಗದ ಹಾಗೆ ಹಿಡಿದುಕೊಂಡು. ಆಫೀಸಿನಾಕೆ ಪೆನ್ನು ಕೆಳಗಿಟ್ಟಳು. ಇದನ್ನೇ ನೋಡಲು ಅಲ್ಲವೆ ಅವಳು ಬಂದಿರುವುದು. ಮಗು ನಡೆಯತೊಡಗಿತು. ಮಗಳ ತೋಳಿನವರೆಗೂ ಬಂತು, ಅಲ್ಲಿ ತಲೆ ತಗ್ಗಿಸಿ, ಬೇಲಿಯ ಕೆಳಗೆ ನುಸುಳುವ ಹಾಗೆ ಆ ತೋಳಿನ ಕೆಳಗೆ ನುಸುಳಿ, ಕಿಟಕಿಯ ಹತ್ತಿರ ಬಂದು, ಆಯಮ್ಮನ ಎದುರು ನಿಂತು, ಬಟಾಣಿಯೊಳಗೆ ಹೂತಿದ್ದ ಅವಳ ಬಲಗೈಯನ್ನು ಎರಡೂ ಕೈಯಲ್ಲಿ ಹುಡುಕಿ ತೆಗೆದು ತನ್ನ ತಲೆಯ ಮೇಲಿಟ್ಟುಕೊಂಡಿತು.

ಅಷ್ಟು ಅಭ್ಯಾಸದಿಂದ. ದಿನವೂ ಮಾಡುವವರು ಮಾತ್ರ ಮಾಡಬಲ್ಲಷ್ಟು ಸಲೀಸಾಗಿ. ಒಂದಷ್ಟು ಕಾಳು ನೆಲದ ಮೇಲೆ ಉರುಳಿದವು. ಮಗಳು ಮಂಡಿಯೂರಿದಲ್ಲೇ ತಿರುಗಿದ್ದಳು. ತೋಳು ಇನ್ನೂ ಅಗಲವಾಗಿಯೇ ಇದ್ದವು, ಮಡಚಿಕೊಳ್ಳಲು ಮರೆತಂತೆ. ಅವಳಿಗೆ ಎಲ್ಲ ಗೊತ್ತಾಯಿತೆಂಬುದು ಆಯಮ್ಮನಿಗೆ ಗೊತ್ತಾಯಿತು. ಬೈದಿದ್ದರೆ ಆಗುತ್ತಿತ್ತು. "ಎತ್ಕೋ ಅಮ್ಮ," ಎಂದಳು ಮಗಳು, ದಣಿದ, ಮರ್ಯಾದೆಯ ಸ್ವರದಲ್ಲಿ, ಅಂಗಡಿಯಲ್ಲಿ ಕೊನೆಯ ಸಾಮಾನನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಹಾಗೆ. "ಕಾಯ್ತಾ ಇದೆ ಅದು. ಎತ್ಕೋ."

ಎತ್ತಿಕೊಳ್ಳುವುದೇನು ದೊಡ್ಡದು. ಅಂಗೈಯ ಕೆಳಗೆ ತಲೆ ಬೆಚ್ಚಗಿತ್ತು, ನೆತ್ತಿಯಲ್ಲಿ ಒಂದು ಮಿಡಿತ. ಎತ್ತಿಕೊಂಡರೆ ಈ ಗಳಿಗೆ ಇದರ ನೋವು ಹೋಗುತ್ತದೆ. ಎತ್ತಿಕೊಂಡರೆ ನಾಳೆಯೂ ಇಲ್ಲಿಗೇ ಬರುತ್ತದೆ, ನಾಡಿದ್ದೂ, ಇಲ್ಲದವಳನ್ನು ಇಲ್ಲಿ ಹುಡುಕಿಕೊಂಡು. ಆ ಎರಡು ತೋಳು ಅಲ್ಲಿ ಹಾಗೇ ಒಣಗುತ್ತವೆ. ಸಂಜೆಯ ಸೈರನ್ ಆದ ಮೇಲೆ ಶಿಶುವಿಹಾರದ ಬಾಗಿಲಲ್ಲಿ ತಾಯಂದಿರು ಬಂದು ನಿಲ್ಲುತ್ತಿದ್ದರು, ಕೂದಲ ತುಂಬ ಹತ್ತಿಯ ಧೂಳು. ದಿನವಿಡೀ ಆಯಾಗೆ ಅಂಟಿಕೊಂಡಿದ್ದ ಮಗು ಒಂದೊಂದು ಸಲ ತಾಯಿಯ ಹತ್ತಿರ ಹೋಗಲೊಲ್ಲೆನೆಂದು ಕೊಸರಾಡುತ್ತಿತ್ತು. ಎಲ್ಲರೆದುರು ಆ ತಾಯಿಯ ಮುಖ ನೋಡಲಾಗುತ್ತಿರಲಿಲ್ಲ. ಅದಕ್ಕೆ ಆಯಾಗಳು ಒಂದು ಮದ್ದು ಕಂಡುಕೊಂಡಿದ್ದರು. ಬಾಗಿಲು ಹಾಕೋದು ಎನ್ನುತ್ತಿದ್ದರು. 'ಆ ಮಗೂಗೆ ಬಾಗಿಲು ಹಾಕು, ಅವರಮ್ಮ ಕಾಯ್ತಿದಾಳೆ.' ಬೈಯುವುದಲ್ಲ, ಗದರುವುದಲ್ಲ, ಬೈಗುಳದಲ್ಲೂ ಮಗು ಪ್ರೀತಿ ಹುಡುಕಿಕೊಳ್ಳುತ್ತದೆ. ಸುಮ್ಮನೆ ಮುಖದೊಳಗಿನ ದೀಪ ಆರಿಸಿ, ಗೋಡೆಯನ್ನು ನೋಡಿದ ಹಾಗೆ ಮಗುವನ್ನು ನೋಡುವುದು. ಮಗು ಆ ಮುಖದಲ್ಲಿ ಹುಡುಕುತ್ತದೆ, ಸಿಗುವುದಿಲ್ಲ, ಬೆಚ್ಚಿ ಅಳುತ್ತದೆ, ತಿರುಗುತ್ತದೆ. ಹಿಂದೆ ತಾಯಿ ಇರುತ್ತಾಳೆ. ಮುಗಿಯಿತು. ಕೊಟ್ಟ ಮೇಲೆ ತಿರುಗಿ ನೋಡುವ ಹಾಗಿಲ್ಲ. ಅದರಲ್ಲಿ ಆಯಮ್ಮನಿಗೆ ಸರಿಸಾಟಿ ಯಾರೂ ಇರಲಿಲ್ಲ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ತನ್ನ ಮಗಳನ್ನೂ ಅದೇ ಕೋಣೆಗೆ ಕರೆದೊಯ್ಯುತ್ತಿದ್ದ ಆ ವರ್ಷಗಳಲ್ಲಿ, ಸ್ವಂತ ಮಗುವನ್ನ ಹೆಚ್ಚು ನೋಡ್ತಾಳೆ ಅಂತ ಒಂದು ದೂರು ಬಂದ್ರೂ ಇಬ್ಬರೂ ಗೇಟಿನ ಹೊರಗೆ ಎಂದಿದ್ದರು ಮೇಲಿನವರು. ಗೇಟಿನ ಒಳಗೆ ಮಗಳು ಅವಳನ್ನು ಉಳಿದವರ ಹಾಗೆ ಆಯಮ್ಮ ಎಂದೇ ಕರೆಯಬೇಕಿತ್ತು. ಹೊರಗೆ ಬಂದ ಮೇಲೆ ಅಮ್ಮ. ಎತ್ಕೋ ಎಂದು ಬಂದರೆ, ಕೈ ಖಾಲಿ ಇಲ್ಲ, ತಾಳು. ಆಗಲೂ ಹೋಗದಿದ್ದರೆ ಬಾಗಿಲು. ಊರಿಗೆ ಉಪಕಾರಿ, ಮನೆಗೆ ಮಾರಿ.

ಅವಳು ಮಗುವಿನ ತಲೆಯ ಮೇಲಿನ ಕೈ ತೆಗೆದಳು. ತೆಗೆದು ಬುಟ್ಟಿಯೊಳಗೆ ಇಟ್ಟುಕೊಂಡಳು. ಮಗು ಮುಖವೆತ್ತಿ ಬಿಳಿ ಕೂದಲು ನೋಡಿತು, ಹಣೆ ನೋಡಿತು, ಕಣ್ಣಿಗೆ ಬಂತು. ಆಯಮ್ಮ ಬಾಗಿಲು ಹಾಕಿದಳು.

ಮರೆತಿರಬಹುದೆಂದುಕೊಂಡಿದ್ದಳು, ಕೈಗೆ ಹತ್ತಿದ ವಿದ್ಯೆಯ ಹಾಗೆ ಮುಖಕ್ಕೆ ಹತ್ತಿದ್ದೂ ಮರೆಯುವುದಿಲ್ಲ. ಆದರೆ ಮಿಲ್ಲಿನ ಮಕ್ಕಳ ಕಣ್ಣಲ್ಲಿ ಎಂದೂ ಕಾಣದ್ದು ಈ ಕಣ್ಣಲ್ಲಿ ಕಂಡಿತು. ಅವು ಬೆಚ್ಚುತ್ತಿದ್ದವು. ಇದು ಬೆಚ್ಚಲಿಲ್ಲ, ಗುರುತು ಹಿಡಿಯಿತು. ದಿನವೂ ಹುಡುಕಿ ದಿನವೂ ಸಿಗದೇ ಹೋಗುತ್ತಿದ್ದ ಮುಖ ಇವತ್ತು ಸಿಕ್ಕಿಬಿಟ್ಟ ಹಾಗೆ ಅದರ ಕಣ್ಣು ಅಗಲವಾದವು. ಆಗ ಆಯಮ್ಮನಿಗೆ ಹೊಳೆಯಿತು: ಅವಳೂ ಹಾಕಿರಬೇಕು. ಈ ಮಗುವನ್ನು ಒಪ್ಪಿಸಿಕೊಟ್ಟ ದಿನ, ಆ ದೇಶದ ಯಾವುದೋ ಬಾಗಿಲಲ್ಲಿ, ಇಬ್ಬರು ಅಪರಿಚಿತರು ಬೊಂಬೆ ಹಿಡಿದು ನಗುತ್ತ ನಿಂತಿದ್ದಾಗ, ಏಪ್ರನ್ನಿಗೆ ಅಂಟಿಕೊಂಡ ಮಗುವನ್ನು ಬಿಡಿಸಲು ಆ ಮುದುಕಿಯೂ ಇದೇ ಮದ್ದು ಮಾಡಿರಬೇಕು. ಮಗು ಅವಳನ್ನು ಕೊನೆಯ ಸಲ ನೋಡಿದ್ದು ಈ ಮುಖದಲ್ಲಿ. ಬಾಗಿಲು ತೆಗೆಯಬೇಕೆನಿಸಿತು, ತಕ್ಷಣ, ಈಗಲೇ. ತೆಗೆಯಲಿಲ್ಲ. ಅರ್ಧ ತೆಗೆದ ಬಾಗಿಲು ಎಲ್ಲಕ್ಕಿಂತ ಕೆಟ್ಟದ್ದೆಂದು ಅವಳೇ ಹೊಸ ಆಯಾಗಳಿಗೆ ಹೇಳಿಕೊಟ್ಟಿದ್ದಳು.

"ಅಮ್ಮ, ಬೇಡ," ಎಂದಿತು ಒಂದು ಸ್ವರ. ಮಗುವಿನದಲ್ಲ. ಮಗಳದು, ಆದರೆ ಹಲ್ಲಿನ ಲ್ಯಾಬಿನ ಮಗಳದಲ್ಲ, ಐದು ವರ್ಷದವಳದು. ಬುಟ್ಟಿ ಉರುಳಿತು, ಮಗಳು ಹಿಂದಿನಿಂದ ಬಂದು ಮಗುವನ್ನು ಬಾಚಿ ಎತ್ತಿಕೊಂಡಳು, ಬೆಂಕಿಯ ಮುಂದಿನಿಂದ ಎತ್ತಿಕೊಳ್ಳುವ ಹಾಗೆ, ಎರಡೂ ಕೈಯಲ್ಲಿ, ತನ್ನ ಬೆನ್ನನ್ನು ಆಯಮ್ಮನಿಗೆ ಅಡ್ಡ ಕೊಟ್ಟು. ಮಗು ಒಂದು ಗಳಿಗೆ ಕೊರಡಿನಂತಿತ್ತು. ಆಮೇಲೆ ಅತ್ತಿತು. ಮೂರು ತಿಂಗಳಲ್ಲಿ ಆ ಮನೆ ಕೇಳಿರದ ಅಳು, ಒರಟಾಗಿ, ಉಪಯೋಗಿಸದೆ ತುಕ್ಕು ಹಿಡಿದ ನಲ್ಲಿಯ ಹಾಗೆ ಮೊದಲು ತಡೆತಡೆದು, ಆಮೇಲೆ ನಿಲ್ಲದೆ. ಅದರ ಕೈಗಳು ಹುಡುಕಿ ಹುಡುಕಿ ಮಗಳ ಕುತ್ತಿಗೆ ಹಿಡಿದವು. ರಕ್ತ ಮಗಳ ಭುಜಕ್ಕೆ ಮೆತ್ತಿತು. ಅಳಿಯ ಹತ್ತಿ ತರಲು ಓಡಿದವನು ಹತ್ತಿ ಹಿಡಿದುಕೊಂಡು ತಾನೂ ಅಳುತ್ತ ನಿಂತ. ಆಫೀಸಿನಾಕೆ ಕನ್ನಡಕ ತೆಗೆದು ಒರೆಸಿಕೊಂಡಳು. ಹೋಗುವಾಗ ಬಾಗಿಲಲ್ಲಿ ಆಯಮ್ಮನ ಕೈ ಹಿಡಿದು, "ಅತ್ತಿದ್ದು, ಅಮ್ಮನ್ನ ಅಪ್ಪಿಕೊಂಡಿದ್ದು, ಎರಡೂ ಬಹಳ ಒಳ್ಳೇದು. ನೀವು ಗಟ್ಟಿ ಬಿಡಿ ಅಮ್ಮ, ಎಲ್ಲರಿಗೂ ಆಗಲ್ಲ ಇದು. ಬರೆಯೋದರಲ್ಲಿ ನಿಮ್ಮ ಬಗ್ಗೆನೂ ಬರೀತೀನಿ," ಎಂದಳು. ಆಯಮ್ಮ ಬಗ್ಗಿ ಕಾಳು ಆರಿಸತೊಡಗಿದಳು. ಸೋಫಾದ ಕೆಳಗೆ, ಪರದೆಯ ಹಿಂದೆ, ಎಲ್ಲೆಲ್ಲೋ ಹೋಗಿದ್ದವು.

ಮಧ್ಯಾಹ್ನ ನಲ್ಲಿಯ ಸದ್ದು ಬರಲಿಲ್ಲ. ಮಗಳು ಸ್ನಾನಕ್ಕೆ ಹೋಗಲಿಲ್ಲ. ಅಭ್ಯಾಸಬಲದಿಂದ ಆಯಮ್ಮ ಮಂಚದ ತುದಿಯಲ್ಲಿ ಕೂತಿದ್ದಳು. ಒಮ್ಮೆ ಬಾಗಿಲ ಮುಂದೆ ಹಾದುಹೋದರು. ಮಗು ಮಗಳ ಸೊಂಟದ ಮೇಲಿತ್ತು, ಹುಬ್ಬಿಗೆ ಪಟ್ಟಿ. ಒಳಗೆ ನೋಡಿತು, ನೋಡಿ ಮುಖವನ್ನು ಮಗಳ ಕುತ್ತಿಗೆಯಲ್ಲಿ ಬಚ್ಚಿಟ್ಟುಕೊಂಡಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಒಡೆಯಬೇಕೆಂದೇ ಬೀಸಿದ ದೊಣ್ಣೆ, ಒಡೆಯಿತೆಂದು ಈಗ ಅಳುವುದೇನು. ಆದರೂ ಅತ್ತಳು, ಏಪ್ರನ್ನನ್ನು ಬಿಚ್ಚಿ ಮಡಚಿ ದಿಂಬಿನ ಕೆಳಗೆ ಇಡುತ್ತ.

ಕಿಟಕಿಯ ಬಿಸಿಲು ಗೋಡೆ ಹತ್ತಿದ ಹೊತ್ತಿಗೆ ಮಗಳು ಬಂದಳು. ಬಂದು, ಎಷ್ಟೋ ವರ್ಷದ ಮೇಲೆ, ಕರೆಯದೆ ಅವಳ ಪಕ್ಕದಲ್ಲಿ ಮಂಚದ ಮೇಲೆ ಕೂತಳು. ಭುಜದ ರಕ್ತದ ಕಲೆಯ ಅಂಗಿಯನ್ನು ಬದಲಿಸಿರಲಿಲ್ಲ.

"ಮಲಗಿದಾಳೆ," ಎಂದಳು. "ನನ್ನ ಮೇಲೇ ಮಲಗಿದ್ಲು ಅಮ್ಮ. ಅತ್ತು ಅತ್ತು, ಹಾಗೇ. ಕೈ ಜೋಮು ಹಿಡೀತು, ತೆಗೀಲಿಲ್ಲ."

"ಒಳ್ಳೇದಾಯ್ತು ಕಣೆ."

"ಎಷ್ಟು ದಿನದಿಂದ ಬರ್ತಿದ್ಲು ನಿನ್ನ ಹತ್ರ?"

"ಎರಡು ವಾರ." ಆಯಮ್ಮ ತನ್ನ ಕೈ ನೋಡಿಕೊಂಡಳು. "ನನ್ನ ಹತ್ರ ಅಲ್ಲ ಅದು ಬರ್ತಿದ್ದಿದ್ದು. ಬೇರೆಯವರನ್ನ ಹುಡುಕ್ಕೊಂಡು ಬರ್ತಿತ್ತು."

"ಗೊತ್ತು." ಮಗಳು ಹಜಾರದ ಗೋಡೆಯ ಕಡೆ ನೋಡಿದಳು. "ಕತ್ತರಿಸಿದ್ದನ್ನ ಬಿಸಾಕಿಲ್ಲ ನಾನು. ಕಪಾಟಲ್ಲಿದೆ. ನಾಳೆ ಅಂಟಿಸ್ತೀನಿ." ಆಮೇಲೆ, ದೂರುವ ಸ್ವರದಲ್ಲಲ್ಲ, ಅಚ್ಚಿನಲ್ಲಿ ಎಲ್ಲಿ ಸರಿಬಂದಿಲ್ಲವೆಂದು ಹೇಳುವಂಥ ಸ್ವರದಲ್ಲಿ ಹೇಳಿದಳು: "ಆ ಮುಖ ಮರೆತುಹೋಗಿತ್ತು ನನಗೆ. ಮರೆತುಹೋಗಿದೆ ಅಂದ್ಕೊಂಡಿದ್ದೆ. ಉಳಿದ ಮಕ್ಕಳೆಲ್ಲ ತಿರುಗಿದ್ರೆ ಹಿಂದೆ ಅವರಮ್ಮ ಇರ್ತಿದ್ರು, ಅಲ್ವಾ? ನಾನು ತಿರುಗಿದ್ರೆ ಗೋಡೆ ಇರ್ತಿತ್ತು. ಹಸಿರು ಬಣ್ಣ. ಕೆಳಗಡೆ ಸುಣ್ಣ ಎದ್ದಿತ್ತು, ಅದನ್ನ ಉಗುರಲ್ಲಿ ಕೀಳ್ತಾ ನಿಂತ್ಕೋತಿದ್ದೆ. ಅಳ್ತಿರ್ಲಿಲ್ಲ, ಅಲ್ವಾ ನಾನು? ಎಷ್ಟು ಒಳ್ಳೇ ಮಗು ಅಂತಿದ್ರು ಎಲ್ಲಾರೂ."

ಅನ್ನುತ್ತಿದ್ದರು. ಆಯಮ್ಮನೂ ಹೆಮ್ಮೆಯಿಂದ ಕೇಳಿಸಿಕೊಂಡಿದ್ದಳು. ನಿನ್ನ ಮಗಳು ಎಷ್ಟು ಒಳ್ಳೇದು, ಬಿದ್ದರೂ ಅಳಲ್ಲ. ಅವಳು ಮಗಳ ತಲೆ ನೋಡಿದಳು. ಬೈತಲೆಯ ಹತ್ತಿರ ನಾಲ್ಕಾರು ಬಿಳಿ ಕೂದಲು. ಇದು ಯಾವಾಗ ಬಂತು. ಕೈ ಖಾಲಿಯಾಗಿತ್ತು, ಒಣಗಿತ್ತು, ಯಾವ ನಿಯಮವೂ ಈ ತಲೆಯ ಮೇಲಿರಲಿಲ್ಲ. ಅದು ತೊಡೆಯ ಮೇಲಿನಿಂದ ಎದ್ದಿತು, ಭಾರವಾಗಿ, ದಾರಿ ಗೊತ್ತಿಲ್ಲದ್ದರ ಹಾಗೆ.

"ಅದಕ್ಕೇ ಅಮ್ಮ ನಾನು ಇವತ್ತು" ಎಂದು ಮಗಳು ಏನೋ ಹೇಳತೊಡಗಿದ್ದಳು. ಪಕ್ಕದ ಕೋಣೆಯಿಂದ ಅಳು ಕೇಳಿಸಿತು. ನಿದ್ದೆಯಿಂದೆದ್ದ ಅಳು, ಯಾರಾದರೂ ಬರುತ್ತಾರೆಂದು ಗೊತ್ತಿರುವ ಅಳು. ಮಗಳು ಮಾತು ಮುಗಿಸಲಿಲ್ಲ. ಚಪ್ಪಲಿ ಮೆಟ್ಟಲೂ ನಿಲ್ಲದೆ, ತಿರುಗಿ ನೋಡದೆ ಓಡಿದಳು. ಅಳು ಒಮ್ಮೆ ಜೋರಾಯಿತು, ಆಮೇಲೆ ನಿಂತಿತು. ಎತ್ತಿಕೊಂಡಿರಬೇಕು. ಮಗಳು ಕೂತಿದ್ದ ಜಾಗದಲ್ಲಿ, ಅವಳ ತಲೆಯಿದ್ದಷ್ಟು ಎತ್ತರಕ್ಕೆ, ಆಯಮ್ಮನ ಕೈ ಇನ್ನೂ ಹಾಗೇ ಇತ್ತು.